ನೆರೆಮನೆಯ ಪ್ರಸಾದ, ನಮ್ಮ ಪರಮಪ್ರಸಾದ

ದೈವಶಾಸ್ತ್ರದ ಉನ್ನತ ವ್ಯಾಸಂಗವೆಂದರೆ ರೋಮ್ ನಗರದಲ್ಲಿ ನಡೆಯತಕ್ಕದ್ದು, ಗುರುಗಳಿಗೆ ಮಾತ್ರ ಸಂಬಂಧಿಸಿದ್ದು ಎಂಬ ಭಾವನೆ ನಮ್ಮ ಕುಟುಂಬಗಳಲ್ಲಿ ಬೇರೂರಿದೆ. ಆದರೆ ಯಲಹಂಕ, ಹೆಬ್ಬಾಳದ ಕಥೋಲಿಕ ಮನೆಗಳಲ್ಲಿ ಹಬ್ಬದ ದಿನ ಏಳಬಹುದಾದ ಪ್ರಶ್ನೆಯೊಂದನ್ನು ಗಮನಿಸೋಣ. ನೆರೆಮನೆಯ ತಾಯಿ ಪ್ರೀತಿಯಿಂದ ಪ್ರಸಾದ ತಂದು ಕೊಡುತ್ತಾರೆ. "ಇದೂ ಪ್ರಸಾದ, ಬಲಿಪೂಜೆಯಲ್ಲಿ ಕೊಡುವುದೂ ಪರಮಪ್ರಸಾದ; ವ್ಯತ್ಯಾಸವೇನಮ್ಮ?" ಎಂದು ಮಗು ಕೇಳುತ್ತದೆ. "ಸುಮ್ಮನಿರು" ಎಂದರೆ ಮಗು ಸುಮ್ಮನಾದೀತು, ಪ್ರಶ್ನೆ ಸುಮ್ಮನಾಗದು.

ಈ ಪ್ರಶ್ನೆ ಕಿರಿದೇನಲ್ಲ. ಸಂತ ಪೌಲರು ಗ್ರೀಕಿನಲ್ಲಿ 'ಖಾರಿಸ್' ಎಂದು ಬರೆದುದನ್ನು ನಾವು ಕನ್ನಡದಲ್ಲಿ 'ವರಪ್ರಸಾದ' ಎನ್ನುತ್ತೇವೆ. 'ಪ್ರಸಾದ'ವೆಂಬ ಸಂಸ್ಕೃತ ಪದಕ್ಕೆ ತಿಳಿತನ, ಪ್ರಸನ್ನತೆ, ಅನುಗ್ರಹ ಎಂಬ ಅರ್ಥಗಳಿವೆ. ವೀರಶೈವರ ಅಷ್ಟಾವರಣಗಳಲ್ಲಿಯೂ ಪ್ರಸಾದವು ಒಂದು. ಹೀಗೆ ತನ್ನದೇ ಚರಿತ್ರೆಯುಳ್ಳ ಪದವೊಂದು ನಮ್ಮ ಪ್ರಾರ್ಥನೆಯೊಳಗೆ ಬಂದು ನೆಲೆಸಿದೆ. ದೇವರು ಕೊಡುತ್ತಾನೆ, ಮನುಷ್ಯನು ಕೈಯೊಡ್ಡಿ ಪಡೆಯುತ್ತಾನೆ ಎಂಬಲ್ಲಿ ಹೋಲಿಕೆಯಿದೆ. ಪರಮಪ್ರಸಾದದಲ್ಲಿ ರೊಟ್ಟಿ ಮತ್ತು ದ್ರಾಕ್ಷಾರಸದ ರೂಪದಲ್ಲಿ ಕ್ರಿಸ್ತರನ್ನೇ ಸ್ವೀಕರಿಸುತ್ತೇವೆ ಎಂಬಲ್ಲಿ ವ್ಯತ್ಯಾಸವಿದೆ. ಹೋಲಿಕೆಯನ್ನು ಮರೆತರೆ ನಮ್ಮ ನುಡಿಯೇ ನಮಗೆ ಪರಕೀಯವಾಗುತ್ತದೆ. ವ್ಯತ್ಯಾಸವನ್ನು ಮರೆತರೆ ವಿಶ್ವಾಸವು ಮಸುಕಾಗುತ್ತದೆ. ಎರಡನ್ನೂ ಕೂಡಿಯೇ ಹಿಡಿಯುವ ಶಿಸ್ತಿಗೆ ದೈವಶಾಸ್ತ್ರವೆಂದು ಹೆಸರು.

ಕೊರಿಂಥದ ಕ್ರೈಸ್ತರಿಗೂ ವಿಗ್ರಹಕ್ಕೆ ಅರ್ಪಿಸಿದ ಆಹಾರದ ಪ್ರಶ್ನೆ ಎದುರಾಗಿತ್ತು. ಪೌಲರು ಅದನ್ನು ಒಂದೇ ಮಾತಿನಲ್ಲಿ ಮುಗಿಸಲಿಲ್ಲ. ಅವರಿಗೆ ಬರೆದ ಮೊದಲನೆಯ ಪತ್ರದ 8 ಮತ್ತು 10ನೆಯ ಅಧ್ಯಾಯಗಳಲ್ಲಿ ಏಕದೇವ ವಿಶ್ವಾಸ, ಪ್ರಭುವಿನ ಮೇಜಿನ ಪಾವಿತ್ರ್ಯ, ದುರ್ಬಲ ಸಹೋದರನ ಮನಸ್ಸಾಕ್ಷಿ ಈ ಮೂರನ್ನೂ ತೂಗಿ ನೋಡಿದರು.

ಇಂತಹ ಚಿಂತನೆ ಪ್ರತಿಯೊಂದು ಸಾಂಸ್ಕೃತಿಕ ಪ್ರದೇಶದಲ್ಲಿಯೂ ನಡೆಯಬೇಕೆಂದು ದ್ವಿತೀಯ ವ್ಯಾಟಿಕನ್ ಮಹಾಸಭೆಯು 1965ರಲ್ಲಿ ಧರ್ಮಪ್ರಚಾರ ಕುರಿತ ತನ್ನ ಆದೇಶಪತ್ರದಲ್ಲಿ ತಿಳಿಸಿತು. ಜಗದ್ಗುರು ಎರಡನೆಯ ಜಾನ್ ಪೌಲರು 1998ರ 'ಫೀದೆಸ್ ಎತ್ ರಾಸಿಯೋ' ವಿಶ್ವಪತ್ರದಲ್ಲಿ ಭಾರತವನ್ನು ವಿಶೇಷವಾಗಿ ಹೆಸರಿಸಿದರು. ಅದರ ಪರಂಪರೆಯಿಂದ ವಿಶ್ವಾಸಕ್ಕೆ ಹೊಂದುವುದನ್ನು ಆರಿಸಿಕೊಳ್ಳಿರಿ, ಗ್ರೀಕ್ ಮತ್ತು ಲತೀನ್ ಚಿಂತನೆಯಿಂದ ಗಳಿಸಿದುದನ್ನು ಕೈಬಿಡಬೇಡಿರಿ ಎಂಬುದು ಅವರ ವಿವೇಚನೆಯ ಸಾರ.

ಈ ಕಾರ್ಯಕ್ಕೆ ನಮ್ಮ ನಾಡು ಹೊಸತಲ್ಲ. ಯಶವಂತಪುರಕ್ಕೆ ಸಮೀಪದ ಮಲ್ಲೇಶ್ವರದಲ್ಲಿರುವ ಸಂತ ಪೇತ್ರರ ಗುರುಮಠವು 1934ರಲ್ಲಿ ಪುದುಚೇರಿಯಿಂದ ಬೆಂಗಳೂರಿಗೆ ಬಂದಿತು. 1967ರಲ್ಲಿ ಇದೇ ನಗರದಲ್ಲಿ ಆರಂಭವಾದ ಎನ್‌ಬಿಸಿಎಲ್‌ಸಿ ಕೇಂದ್ರದ ಸ್ಥಾಪಕ ನಿರ್ದೇಶಕರಾದ ಸ್ವಾಮಿ ಡಿ. ಎಸ್. ಅಮಲೋರ್ಪವದಾಸ್ (1932–1990) ಅವರು ಆರಾಧನೆಗೆ ಭಾರತೀಯ ರೂಪ ಕೊಡಲು ಶ್ರಮಿಸಿದರು. ಮುಂದೆ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಕ್ರೈಸ್ತಧರ್ಮದ ಅಧ್ಯಯನ ವಿಭಾಗವನ್ನು ಕಟ್ಟಿದರು. ಸರ್ಕಾರಿ ವಿಶ್ವವಿದ್ಯಾನಿಲಯದ ಅಂಗಳದಲ್ಲಿ, ಇತರ ಧರ್ಮೀಯರ ನಡುವೆ, ನಮ್ಮ ವಿಶ್ವಾಸವನ್ನು ಶಾಸ್ತ್ರವಾಗಿ ಅಭ್ಯಸಿಸುವ ದಾರಿ ಹಾಗೆ ತೆರೆಯಿತು.

ಧರ್ಮಸಭೆಯ ಕ್ರಮದಲ್ಲಿ ದೈವಶಾಸ್ತ್ರದ ಮೊದಲ ಪದವಿಯ ಬಳಿಕ 2 ವರ್ಷಗಳ ಲೈಸೆನ್ಷಿಯೇಟ್, ಅನಂತರ ಡಾಕ್ಟರೇಟ್ ಇರುತ್ತದೆ. ಇದು ಗುರುಗಳಿಗಷ್ಟೇ ಮೀಸಲಾದ ಹಾದಿಯಲ್ಲ. ಕನ್ಯಾಸ್ತ್ರೀಯರೂ ಶ್ರೀಸಾಮಾನ್ಯ ವಿಶ್ವಾಸಿಗಳೂ ಅದರಲ್ಲಿ ನಡೆಯಬಹುದು. ಮಗನನ್ನು ಎಂಜಿನಿಯರ್, ಮಗಳನ್ನು ವೈದ್ಯೆ ಮಾಡಲು ಹಂಬಲಿಸುವ ತಂದೆತಾಯಂದಿರು, ಮಕ್ಕಳಲ್ಲಿ ಒಬ್ಬರಾದರೂ ದೈವಶಾಸ್ತ್ರ ಓದಲೆಂದು ಏಕೆ ಬಯಸಬಾರದು?

ಒಂದು ಮಾತನ್ನು ಸೇರಿಸಬಯಸುತ್ತೇವೆ. ಇಂಗ್ಲಿಷಿನಲ್ಲಿಯೋ ಇಟಾಲಿಯನ್ನಿನಲ್ಲಿಯೋ ಬರೆದ ಪ್ರಬಂಧಕ್ಕೆ ಪದವಿ ದೊರೆತಾಗ ವ್ಯಾಸಂಗ ಮುಗಿಯುವುದಿಲ್ಲ. ಆರ್.ಟಿ. ನಗರದ ಅಡುಗೆಮನೆಯಲ್ಲಿ ಮಗು ಕೇಳಿದ ಪ್ರಶ್ನೆಗೆ ತಾಯಿಯು ನೆರೆಯವರನ್ನು ನೋಯಿಸದೆ, ತನ್ನ ವಿಶ್ವಾಸವನ್ನು ಬಿಟ್ಟುಕೊಡದೆ, ಕನ್ನಡದಲ್ಲಿಯೇ ಉತ್ತರ ಹೇಳುವಂತಾದಾಗ ಆ ಪದವಿ ಸಾರ್ಥಕ. ಓದಿ ಬಂದ ಗುರುಗಳನ್ನು, ಸಿಸ್ಟರುಗಳನ್ನು ಧರ್ಮಕೇಂದ್ರಕ್ಕೆ ಕರೆಯಿರಿ. ಹಾರ ಹಾಕಿ ಕಳುಹಿಸಬೇಡಿರಿ, ಪ್ರಶ್ನೆ ಕೇಳಿರಿ.