ಆತ್ಮವಿಶ್ವಾಸ – ಎಳವೆಯಿಂದ ಇಳಿವಯಸ್ಸಿನವರೆಗೆ

ಪ್ರತಿ ವರ್ಷ ಜೂನ್ ತಿಂಗಳಲ್ಲಿ ಎಂಟನೆಯ ತರಗತಿಗೆ ಹೊಸದಾಗಿ ಬಂದ ಮಕ್ಕಳಿಂದ ನಾನು ಮೊದಲು ಮಾಡಿಸುವ ಕೆಲಸವೆಂದರೆ, ಒಬ್ಬೊಬ್ಬರಾಗಿ ಎದ್ದು ನಿಂತು ತಮ್ಮ ಹೆಸರನ್ನೂ ಊರನ್ನೂ ಹೇಳುವುದು. ಬಹಳ ಸಣ್ಣ ಕೆಲಸ. ಆದರೂ ನಲವತ್ತು ಮಂದಿಯಲ್ಲಿ ಹತ್ತು ಹನ್ನೆರಡು ಮಂದಿಯ ಸ್ವರ ಎರಡನೆಯ ಬೆಂಚಿಗೂ ತಲಪುವುದಿಲ್ಲ. ಹೊರಗೆ ಸುರಿಯುವ ಮಳೆಯ ಸದ್ದಿಗೆ ಹೀಗಾಯಿತೆಂದು ಮೊದಮೊದಲು ನಾನು ಎಣಿಸುತ್ತಿದ್ದೆ. ಮಧ್ಯಾಹ್ನದ ಬಿಡುವಿನಲ್ಲಿ ನೋಡಿದರೆ ಅದೇ ಮಕ್ಕಳು ಅಂಗಳದ ಈ ತುದಿಯಿಂದ ಆ ತುದಿಗೆ ಕೇಳುವಂತೆ ಕೂಗಿ ಆಡುತ್ತಿರುತ್ತಾರೆ. ದೋಷ ಗಂಟಲಿನಲ್ಲಿಲ್ಲ, ಮಳೆಯಲ್ಲೂ ಇಲ್ಲ.

ಹಾಗಾದರೆ ಎಲ್ಲಿದೆ? ಇದನ್ನು ಸ್ವಲ್ಪ ವಿಚಾರಿಸಿ ನೋಡೋಣ.

ನಾವು ಸಾಮಾನ್ಯವಾಗಿ ಆತ್ಮವಿಶ್ವಾಸ ಎಂದು ಒಂದೇ ಮಾತಿನಲ್ಲಿ ಹೇಳಿಬಿಡುವುದರಲ್ಲಿ ಎರಡು ಸಂಗತಿಗಳಿವೆ. ‘ಈ ಕೆಲಸವನ್ನು ನಾನು ಮಾಡಬಲ್ಲೆ’ ಎಂಬುದು ಒಂದು. ‘ಮಾಡಲಿ ಬಿಡಲಿ, ನನಗೂ ಒಂದು ಬೆಲೆಯಿದೆ’ ಎಂಬುದು ಇನ್ನೊಂದು. ಇವೆರಡೂ ಜೊತೆಯಾಗಿಯೇ ಇರಬೇಕೆಂದಿಲ್ಲ. ಗಣಿತದಲ್ಲಿ ಚುರುಕಾಗಿದ್ದೂ ತನ್ನನ್ನು ತಾನು ಕೀಳಾಗಿ ಕಾಣುವ ಹುಡುಗನನ್ನು ನಾನು ಬಲ್ಲೆ. ಎರಡನೆಯದನ್ನು ಅಳೆಯುವುದಕ್ಕೆ ಅಮೆರಿಕದ ಸಮಾಜಶಾಸ್ತ್ರಜ್ಞ ಮಾರಿಸ್ ರೋಸೆನ್‌ಬರ್ಗ್ 1965ರಲ್ಲಿ ಹತ್ತು ವಾಕ್ಯಗಳ ಒಂದು ಪಟ್ಟಿಯನ್ನು ಪ್ರಕಟಿಸಿದರು. ಅದನ್ನು ಅವರು ಸಿದ್ಧಪಡಿಸಿದ್ದು ನಿಮ್ಮಂತಹ ಹೈಸ್ಕೂಲು ವಿದ್ಯಾರ್ಥಿಗಳಿಗಾಗಿ. ಇಂದಿಗೂ ಅದು ಬಳಕೆಯಲ್ಲಿದೆ. ಅವರು ಒತ್ತಿ ಹೇಳಿದ ಒಂದು ಮಾತು ನನಗೆ ತುಂಬ ಹಿಡಿಸಿತು: ತನ್ನನ್ನು ಗೌರವಿಸಿಕೊಳ್ಳುವವನು ತಾನು ಇತರರಿಗಿಂತ ಮೇಲು ಎಂದುಕೊಳ್ಳಬೇಕಾಗಿಲ್ಲ, ತಾನು ತಕ್ಕಮಟ್ಟಿಗೆ ಸರಿಯಾಗಿದ್ದೇನೆ ಎಂದುಕೊಂಡರೆ ಸಾಕು. ನಮ್ಮಲ್ಲಿ ಅನೇಕ ಹಿರಿಯರು ಇದನ್ನೇ ಅಹಂಕಾರವೆಂದು ತಪ್ಪು ತಿಳಿದು ಮಕ್ಕಳ ತಲೆಗೆ ಕುಟ್ಟುತ್ತಾರೆ.

ಇನ್ನೂ ಹಳೆಯ ಒಂದು ಲೆಕ್ಕವಿದೆ. ವಿಲಿಯಂ ಜೇಮ್ಸ್ ಎಂಬ ಮನಃಶಾಸ್ತ್ರಜ್ಞರು 1890ರಲ್ಲಿ ಇದನ್ನು ಭಿನ್ನರಾಶಿಯ ರೂಪದಲ್ಲಿ ಬರೆದರು. ಮೇಲೆ ಅಂಶದ ಜಾಗದಲ್ಲಿ ನಾವು ಪಡೆದ ಯಶಸ್ಸು, ಕೆಳಗೆ ಛೇದದ ಜಾಗದಲ್ಲಿ ನಾವು ಇಟ್ಟುಕೊಂಡ ನಿರೀಕ್ಷೆ. ಭಾಗಿಸಿದಾಗ ಬರುವುದೇ ಆತ್ಮಗೌರವ. ಛೇದ ದೊಡ್ಡದಾದಷ್ಟೂ ಬೆಲೆ ಕುಗ್ಗುತ್ತದೆಂದು ಐದನೆಯ ತರಗತಿಯ ಮಕ್ಕಳಿಗೂ ಗೊತ್ತು. ಎಸ್.ಎಸ್.ಎಲ್.ಸಿ. ಫಲಿತಾಂಶ ಬಂದ ವಾರ ನಮ್ಮ ರಸ್ತೆ ಬದಿಗಳಲ್ಲಿ ಎಲ್ಲ ವಿಷಯಗಳಲ್ಲೂ ಎ ಪ್ಲಸ್ ಪಡೆದವರ ಭಾವಚಿತ್ರದ ಫ್ಲೆಕ್ಸುಗಳು ಏಳುತ್ತವೆ. ಅದರಲ್ಲಿ ತಪ್ಪಿಲ್ಲ. ಆದರೆ ಎಂಟು ಎ ಪ್ಲಸ್ ಬಂದ ಹುಡುಗಿ ಆ ಫ್ಲೆಕ್ಸಿನ ಕೆಳಗಿಂದ ತಲೆ ತಗ್ಗಿಸಿ ನಡೆದು ಹೋಗುವುದನ್ನು ನಾನು ಕಂಡಿದ್ದೇನೆ. ಅವಳ ಅಂಶ ಚಿಕ್ಕದಾಗಿರಲಿಲ್ಲ. ಹೆತ್ತವರು, ನೆರೆಹೊರೆಯವರು, ನಾವು ಅಧ್ಯಾಪಕರೂ ಸೇರಿ ಛೇದವನ್ನು ಹಿಗ್ಗಿಸಿದ್ದೆವು.

ಇಲ್ಲಿ ನನ್ನ ವಿಷಯವನ್ನೂ ಸ್ವಲ್ಪ ಹೇಳಬೇಕು. ನನ್ನ ಮನೆಮಾತು ತುಳು. ಮನೆಯ ಹತ್ತಿರ ಇದ್ದುದು ಮಲಯಾಳ ಶಾಲೆಯಾದ್ದರಿಂದ ನಾಲ್ಕನೆಯವರೆಗೆ ಅಲ್ಲಿ ಕಲಿತು, ಐದನೆಯದಕ್ಕೆ ಕನ್ನಡ ಮಾಧ್ಯಮಕ್ಕೆ ಬಂದವಳು ನಾನು. ಓದುವಾಗ ಪದದ ಕೊನೆಯ ಉಕಾರವನ್ನು ನುಂಗುತ್ತಿದ್ದೆ, ಬರೆಯುವಾಗ ನಡುವೆ ಮಲಯಾಳದ ಅಕ್ಷರ ನುಸುಳುತ್ತಿತ್ತು. ತರಗತಿಯೇ ನಗುತ್ತಿತ್ತು. ಎರಡು ವರ್ಷ ಕಾಲ ನಾನು ಬಾಯಿ ತೆರೆದದ್ದು ಹಾಜರಿ ಕರೆದಾಗ ಮಾತ್ರ. ಅದು ಹೇಗೋ ದಾಟಿತು. ಮುಂದೆ 1996ರಲ್ಲಿ ಪ್ರಿ-ಡಿಗ್ರಿಗೆ ಹೋದರೆ ಅಲ್ಲಿ ಪಾಠ ಇಂಗ್ಲಿಷಿನಲ್ಲಿ, ನಗೆಚಾಟಿಕೆ ಮಲಯಾಳದಲ್ಲಿ. ಅಷ್ಟರಲ್ಲಿ ನನ್ನ ಮಲಯಾಳಕ್ಕೆ ಕನ್ನಡದ ರಾಗ ಹತ್ತಿತ್ತು. ಒಬ್ಬ ಅಧ್ಯಾಪಕರು ನನ್ನ ಉತ್ತರವನ್ನು ಅದೇ ರಾಗದಲ್ಲಿ ಅಣಕಿಸಿ ಹೇಳಿದರು. ಉತ್ತರ ಸರಿಯಾಗಿತ್ತೆಂಬುದು ಯಾರಿಗೂ ನೆನಪಿಲ್ಲ. ನನಗೆ ಮಾತ್ರ ನೆನಪಿದೆ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಎಂಬ ಗಾದೆಯ ಅರ್ಥ ಅಂದು ತಿಳಿಯಿತು.

ಗಡಿನಾಡಿನ ನಮ್ಮ ಮಕ್ಕಳಲ್ಲಿ ಬಹುಮಂದಿಗೆ ಇದು ಹೊಸ ಕಥೆಯಲ್ಲ. ಮನೆಯಲ್ಲಿ ಒಂದು, ಪೇಟೆಯಲ್ಲಿ ಒಂದು, ಶಾಲೆಯಲ್ಲಿ ಒಂದು – ಹೀಗೆ ಮೂರು ಭಾಷೆಗಳಲ್ಲಿ ವ್ಯವಹರಿಸುವ ಮಗು ಪ್ರತಿಯೊಂದರಲ್ಲೂ ತಾನು ಅರೆಬರೆ ಎಂದು ತಿಳಿಯುತ್ತದೆ. ಮೂರನ್ನೂ ಬಲ್ಲೆ ಎಂದು ತಿಳಿಯುವುದೇ ಇಲ್ಲ.

ವಯಸ್ಸಿಗೂ ಈ ಭಾವನೆಗೂ ಏನು ಸಂಬಂಧ ಎಂಬುದನ್ನು ವಿದ್ವಾಂಸರು ಅಳೆದು ನೋಡಿದ್ದಾರೆ. ಒಂದೇ ವ್ಯಕ್ತಿಗಳನ್ನು ವರ್ಷಗಟ್ಟಲೆ ಹಿಂಬಾಲಿಸಿ ನಡೆಸಿದ ನೂರಾರು ಅಧ್ಯಯನಗಳನ್ನು ಒಟ್ಟುಗೂಡಿಸಿ 2018ರಲ್ಲಿ ಪ್ರಕಟವಾದ ಒಂದು ಪರಿಶೀಲನೆಯಲ್ಲಿ ಒಂದೂವರೆ ಲಕ್ಷಕ್ಕೂ ಹೆಚ್ಚು ಮಂದಿಯ ಮಾಹಿತಿ ಇತ್ತು. ಅದರ ಪ್ರಕಾರ ಆತ್ಮಗೌರವ ನಾಲ್ಕರಿಂದ ಹನ್ನೊಂದನೆಯ ವಯಸ್ಸಿನವರೆಗೆ ಏರುತ್ತದೆ. ಹನ್ನೊಂದರಿಂದ ಹದಿನೈದರವರೆಗೆ ಏರದೆ ನಿಂತುಬಿಡುತ್ತದೆ. ಆಮೇಲೆ ಮೂವತ್ತರವರೆಗೆ ಚೆನ್ನಾಗಿ ಏರಿ, ನಿಧಾನವಾಗಿ ಮುಂದುವರಿದು, ಅರುವತ್ತರ ಹೊತ್ತಿಗೆ ತುತ್ತತುದಿ ಮುಟ್ಟುತ್ತದೆ. ಎಪ್ಪತ್ತರವರೆಗೆ ಹಾಗೆಯೇ ಇದ್ದು ಬಳಿಕ ಇಳಿಯತೊಡಗುತ್ತದೆ. ಹೆಚ್ಚಿನ ಮಾಹಿತಿ ಪಾಶ್ಚಾತ್ಯ ದೇಶಗಳದ್ದು, ಹೇಳುವುದು ಸರಾಸರಿಯನ್ನು ಮಾತ್ರ; ನಮಗೆ ಅದನ್ನು ಹಾಗೆಯೇ ಅಂಟಿಸಬಾರದು. ಆದರೂ ಒಂದು ವಿಷಯ ಗಮನಿಸಿ. ಏರದೆ ನಿಂತಿರುವ ಆ ಹನ್ನೊಂದು-ಹದಿನೈದರ ಮಂದಿಯೇ ನಮ್ಮ ಹೈಸ್ಕೂಲಿನ ಬೆಂಚುಗಳಲ್ಲಿ ಕುಳಿತಿರುವವರು. ತನಗೆ ಜೀವಮಾನವಿಡೀ ಹೀಗೆಯೇ ಅನಿಸುವುದೆಂದು ಭಾವಿಸುವ ಹದಿನಾಲ್ಕರ ಹುಡುಗಿಗೆ, ಅರುವತ್ತರಲ್ಲಿ ಇದಕ್ಕಿಂತ ಚೆನ್ನಾಗಿ ಅನಿಸುವುದೆಂಬ ಸುದ್ದಿ ತಮಾಷೆಯಾಗಿ ತೋರಬಹುದು. ಸುದ್ದಿ ಮಾತ್ರ ನಿಜ.

ಆ ವಯಸ್ಸಿನ ದೊಡ್ಡ ಭಯ ‘ಎಲ್ಲರೂ ನನ್ನನ್ನೇ ನೋಡುತ್ತಿದ್ದಾರೆ’ ಎಂಬುದು. ಅಮೆರಿಕದಲ್ಲಿ ನಡೆದು 2000ದಲ್ಲಿ ಪ್ರಕಟವಾದ ಒಂದು ಪ್ರಯೋಗದ ಕಥೆ ಕೇಳಿ. ಹಾಕಿಕೊಳ್ಳಲು ನಾಚಿಕೆಯಾಗುವಂತೆ ಒಬ್ಬ ಗಾಯಕನ ಚಿತ್ರವಿದ್ದ ಬನಿಯನ್ನನ್ನು ಒಬ್ಬ ವಿದ್ಯಾರ್ಥಿಗೆ ತೊಡಿಸಿ, ಇತರರು ಕುಳಿತಿದ್ದ ಕೋಣೆಗೆ ಕಳುಹಿಸಿದರು. ಎಷ್ಟು ಮಂದಿ ಅದನ್ನು ಗಮನಿಸಿರಬಹುದು ಎಂದು ಕೇಳಿದಾಗ ತೊಟ್ಟವರು ಕೊಟ್ಟ ಉತ್ತರ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಎಂದು. ನಿಜವಾಗಿ ಗಮನಿಸಿದವರು ಸುಮಾರು ಕಾಲು ಭಾಗ. ಉಳಿದವರಿಗೆ ಅವರವರದೇ ಚಿಂತೆ. ಹರಿದ ಚೀಲ, ಮೊಡವೆ, ಅಣ್ಣನ ಹಳೆಯ ಅಂಗಿ – ನೀವು ಎಣಿಸಿದ್ದರ ಅರ್ಧದಷ್ಟು ಮಂದಿಯೂ ಅದನ್ನು ಕಂಡಿರಲಾರರು.

ಹಾಗಾದರೆ ಈ ವಿಶ್ವಾಸ ಬರುವುದು ಎಲ್ಲಿಂದ? ಹೊಗಳಿಕೆಯಿಂದ ಎಂದು ಹಲವರು ಹೇಳುತ್ತಾರೆ. ಅದು ಅರ್ಧ ಸತ್ಯ. 1998ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಐದನೆಯ ತರಗತಿಯ ಮಕ್ಕಳಿಗೆ ಒಗಟುಗಳನ್ನು ಕೊಟ್ಟು, ಬಿಡಿಸಿದ ಮೇಲೆ ಕೆಲವರಿಗೆ ‘ನೀನು ಬುದ್ಧಿವಂತ’ ಎಂದೂ, ಕೆಲವರಿಗೆ ‘ನೀನು ಚೆನ್ನಾಗಿ ಶ್ರಮಿಸಿದ್ದೀ’ ಎಂದೂ ಹೇಳಲಾಯಿತು. ಬಳಿಕ ಕಠಿಣ ಒಗಟುಗಳನ್ನು ಕೊಟ್ಟು ಸೋಲಿಸಿ, ಮತ್ತೆ ಮೊದಲಿನಂತಹ ಸುಲಭದವನ್ನು ಕೊಟ್ಟಾಗ, ಬುದ್ಧಿವಂತರೆಂದು ಕರೆಸಿಕೊಂಡವರು ಮೊದಲಿಗಿಂತ ಹಿಂದೆ ಬಿದ್ದರು. ಶ್ರಮಕ್ಕೆ ಮೆಚ್ಚುಗೆ ಪಡೆದವರು ಮುಂದೆ ಬಂದರು. ಅಧ್ಯಾಪಕಿಯಾಗಿ ನಾನು ಎಷ್ಟು ಮಕ್ಕಳಿಗೆ ‘ಜಾಣೆ’ ಎಂಬ ಬಿರುದು ಕೊಟ್ಟು ಹೆದರಿಸಿದ್ದೇನೋ!

ಕನ್ನಡಿಯ ಮುಂದೆ ನಿಂತು ‘ನಾನು ಶ್ರೇಷ್ಠ, ನಾನು ಸಮರ್ಥ’ ಎಂದು ಜಪಿಸಲು ಹೇಳಿಕೊಡುವ ಶಿಬಿರಗಳೂ ಉಂಟು. 2009ರಲ್ಲಿ ಕೆನಡಾದ ಸಂಶೋಧಕರು ಇದನ್ನೂ ಪರೀಕ್ಷಿಸಿ ನೋಡಿದರು. ಮೊದಲೇ ವಿಶ್ವಾಸವಿದ್ದವರಿಗೆ ಅದರಿಂದ ಸ್ವಲ್ಪ ಪ್ರಯೋಜನವಾಯಿತು. ವಿಶ್ವಾಸ ಕಡಿಮೆ ಇದ್ದವರಿಗೆ ಮೊದಲಿಗಿಂತಲೂ ಬೇಸರವೇ ಆಯಿತು. ಬಾಯಿ ಹೇಳಿದ್ದನ್ನು ಮನಸ್ಸು ಒಳಗಿಂದ ಅಲ್ಲವೆಂದರೆ ಜಪದಿಂದೇನು ಫಲ?

ಆಲ್ಬರ್ಟ್ ಬಂಡೂರಾ ಎಂಬ ಮನಃಶಾಸ್ತ್ರಜ್ಞರು 1977ರಲ್ಲಿ ವಿಶ್ವಾಸದ ನಾಲ್ಕು ಮೂಲಗಳನ್ನು ಹೇಳಿದರು. ಸ್ವಂತ ಅನುಭವದ ಗೆಲವು, ನಮ್ಮಂತಹವರು ಮಾಡುವುದನ್ನು ಕಾಣುವುದು, ಇತರರ ಉತ್ತೇಜನದ ಮಾತು, ಮತ್ತು ನಮ್ಮ ದೇಹದ ಸ್ಥಿತಿ – ಎದೆಬಡಿತ, ಕೈನಡುಕ ಇತ್ಯಾದಿ. ಇವುಗಳಲ್ಲಿ ಮೊದಲನೆಯದೇ ಗಟ್ಟಿ. ಹಾವಿಗೆ ವಿಪರೀತ ಹೆದರುವವರ ಮೇಲೆ ಅವರು ಪ್ರಯೋಗ ನಡೆಸಿದ್ದರು. ಬೇರೆಯವರು ಹಾವನ್ನು ಮುಟ್ಟುವುದನ್ನು ಕೇವಲ ನೋಡಿದವರಿಗಿಂತ, ಒಬ್ಬರ ನೆರವಿನಿಂದ ಮೊದಲು ಕೈಗವಸು ಹಾಕಿ, ಬಳಿಕ ಬರಿಗೈಯಲ್ಲಿ, ಹೀಗೆ ಮೆಟ್ಟಿಲು ಮೆಟ್ಟಿಲಾಗಿ ಮುಟ್ಟಿದವರಿಗೆ ಭಯ ಹೆಚ್ಚು ಚೆನ್ನಾಗಿ ಬಿಟ್ಟಿತು.

ಇದನ್ನು ಓದಿದಾಗ ನನಗೆ ನೆನಪಾದದ್ದು ನಮ್ಮ ಯಕ್ಷಗಾನದ ಚೌಕಿ. ಪಾರ್ತಿಸುಬ್ಬನ ಕುಂಬಳೆ ಸೀಮೆಯ ನಮಗೆ ಇದನ್ನು ಯಾವ ವಿದೇಶೀ ಪಂಡಿತನೂ ಕಲಿಸಬೇಕಾಗಿರಲಿಲ್ಲ. ಮೇಳಕ್ಕೆ ಹೊಸದಾಗಿ ಸೇರಿದ ಹುಡುಗನಿಗೆ ಯಾರೂ ಕರ್ಣನ ವೇಷ ಕೊಡುವುದಿಲ್ಲ. ಪೂರ್ವರಂಗದಲ್ಲಿ ಕೋಡಂಗಿಯಾಗಿ ಕುಣಿಯಬೇಕು. ಆಗ ಸಭೆ ಇನ್ನೂ ಸೇರುತ್ತಿರುತ್ತದೆ. ಹೆಜ್ಜೆ ತಪ್ಪಿದರೂ ಕಡಲೆ ಮಾರುವವನ ಹೊರತು ಯಾರೂ ಕಾಣುವುದಿಲ್ಲ. ಬಳಿಕ ಬಾಲಗೋಪಾಲ, ಆಮೇಲೆ ಮಾತಿಲ್ಲದ ಅಥವಾ ಎರಡು ಮಾತಿನ ವೇಷ, ವರ್ಷಗಳು ಕಳೆದ ಮೇಲೆ ಪುಂಡುವೇಷ. ತಪ್ಪುವುದಕ್ಕೆ ಅವಕಾಶವಿರುವ ಜಾಗದಲ್ಲಿ ಮೊದಲು ತಪ್ಪಲಿ ಎಂಬುದು ಈ ಏರ್ಪಾಡಿನ ಗುಟ್ಟು. ಈಗ ಕಾಲಮಿತಿಯ ಆಟಗಳು ಬಂದು ಪೂರ್ವರಂಗ ಮೊಟಕಾಗಿದೆ, ಅದು ಬೇರೆ ಮಾತು. ನಮ್ಮ ತರಗತಿಗಳಲ್ಲಿ ಕೋಡಂಗಿಯ ವೇಷವೇ ಇಲ್ಲ. ಒಮ್ಮೆಲೇ ಸ್ವಾತಂತ್ರ್ಯೋತ್ಸವದ ವೇದಿಕೆಗೆ ಹತ್ತಿಸಿ, ನಾಲಗೆ ತೊದಲಿದರೆ ಇವನಿಂದ ಆಗದೆಂದು ತೀರ್ಮಾನಿಸುತ್ತೇವೆ.

ನಾಲಗೆ ತೊದಲಿದವರಲ್ಲಿ ಗಾಂಧೀಜಿಯವರೂ ಇದ್ದರು. 1891ರಲ್ಲಿ ಬ್ಯಾರಿಸ್ಟರಾಗಿ ಹಿಂದಿರುಗಿದ ಅವರು ಮುಂಬಯಿಯ ಸಣ್ಣ ವ್ಯಾಜ್ಯಗಳ ನ್ಯಾಯಾಲಯದಲ್ಲಿ ತಮ್ಮ ಮೊದಲ ಮೊಕದ್ದಮೆಗೆ ಎದ್ದು ನಿಂತಾಗ ತಲೆ ಸುತ್ತಿ, ಕೇಳಲು ಒಂದು ಪ್ರಶ್ನೆಯೂ ಹೊಳೆಯದೆ ಕುಳಿತುಬಿಟ್ಟರು. ಪಡೆದಿದ್ದ 30 ರೂಪಾಯಿ ಫೀಸನ್ನು ಮರಳಿಸಿ ನಡೆದರು. ಎರಡು ವರ್ಷಗಳೊಳಗೆ, 1893ರಲ್ಲಿ, ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಅಲ್ಲಿನ ಭಾರತೀಯರನ್ನು ಸೇರಿಸಿ ಅವರು ಮಾತನಾಡಿದರು. ತಮ್ಮ ಜೀವನದ ಮೊದಲ ಸಾರ್ವಜನಿಕ ಭಾಷಣ ಅದೆಂದು ಅವರೇ ಬರೆದಿದ್ದಾರೆ. ನಡುವೆ ನಾಲಗೆಯೇನೂ ಬದಲಾಗಿರಲಿಲ್ಲ. ಹೇಳಲೇಬೇಕಾದ ವಿಷಯ ದೊರೆತಿತ್ತು, ಕೇಳುವವರು ತಮ್ಮವರಾಗಿದ್ದರು.

ಹೋದ ವರ್ಷ ನಮ್ಮಲ್ಲಿ ಹತ್ತನೆಯದು ಮುಗಿಸಿ ಪ್ಲಸ್ ವನ್‌ಗೆ ಹೋದ ಹುಡುಗಿಯೊಬ್ಬಳು ಒಂದೇ ತಿಂಗಳಲ್ಲಿ ನನ್ನ ಮನೆಗೆ ಬಂದಳು. “ಟೀಚರ್, ನಾನು ಇನ್ನು ಹೋಗುವುದಿಲ್ಲ. ನನಗೆ ಅರ್ಥವಾಗುತ್ತದೆ, ಕೇಳಲಿಕ್ಕೆ ಬಾಯಿ ಬರುವುದಿಲ್ಲ” ಎಂದಳು. ಧೈರ್ಯ ತಂದುಕೋ ಎಂದು ಹೇಳಬಹುದಿತ್ತು. ನನಗೆ ಹಾಗೆ ಹೇಳಿದವರಿಂದ ನನಗೇನೂ ಆಗಿರಲಿಲ್ಲವೆಂಬುದು ನೆನಪಿಗೆ ಬಂತು. ವಾರಕ್ಕೆ ಒಂದು ಪ್ರಶ್ನೆ, ಅದೂ ತರಗತಿ ಮುಗಿದ ಮೇಲೆ, ಚೀಟಿಯಲ್ಲಿ ಬರೆದುಕೊಂಡು, ಅಧ್ಯಾಪಕರು ವರಾಂಡದಲ್ಲಿ ಒಬ್ಬರೇ ಸಿಕ್ಕಾಗ ಕೇಳುವುದು ಎಂದು ಒಪ್ಪಂದ ಮಾಡಿಕೊಂಡೆವು. ಇದು ಅವಳ ಕೋಡಂಗಿ ವೇಷ. ಈಗಲೂ ಅವಳು ತರಗತಿಯಲ್ಲಿ ಕೈ ಎತ್ತುವುದಿಲ್ಲವಂತೆ. ಚೀಟಿ ಮಾತ್ರ ಬೇಡವಾಗಿದೆ.

ಹಿರಿಯರ ಬಗ್ಗೆ ಬರೆಯದಿದ್ದರೆ ಈ ಲೇಖನ ಅಪೂರ್ಣ, ಏಕೆಂದರೆ ಈ ಸಂಚಿಕೆ ಮನೆಗೆ ಹೋದರೆ ಅವರೂ ಓದುವವರೇ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆಯನ್ನು ನಾನು ಅಷ್ಟಾಗಿ ಒಪ್ಪುವುದಿಲ್ಲ. ನಮ್ಮ ಕೇರಳದಲ್ಲೇ ಆಲಪ್ಪುಳ ಜಿಲ್ಲೆಯ ಕಾರ್ತ್ಯಾಯಿನಿ ಅಮ್ಮ ಎಂಬವರು 2018ರಲ್ಲಿ, ತಮ್ಮ 96ನೆಯ ವಯಸ್ಸಿನಲ್ಲಿ, ಸಾಕ್ಷರತಾ ಪರೀಕ್ಷೆಗೆ ಕುಳಿತು 100ರಲ್ಲಿ 98 ಅಂಕ ಪಡೆದರು. 2023ರಲ್ಲಿ ತೀರಿಕೊಂಡರು. ಮುಪ್ಪಿನ ಕುರಿತು ಒಳ್ಳೆಯ ಭಾವನೆ ಇಟ್ಟುಕೊಂಡವರು ಉಳಿದವರಿಗಿಂತ ಸರಾಸರಿ ಏಳೂವರೆ ವರ್ಷ ಹೆಚ್ಚು ಬದುಕಿದರೆಂದು ಅಮೆರಿಕದ ಓಹಾಯೋದಲ್ಲಿ 50 ದಾಟಿದ 660 ಮಂದಿಯ ಮಾಹಿತಿಯಿಂದ 2002ರಲ್ಲಿ ತಿಳಿದುಬಂತು. ‘ಇನ್ನು ಈ ವಯಸ್ಸಿನಲ್ಲಿ ನಮಗೇಕೆ’ ಎಂದು ಹೇಳುವ ಅಭ್ಯಾಸವುಳ್ಳವರು ಇದನ್ನು ಸ್ವಲ್ಪ ಯೋಚಿಸಬೇಕು.

ನನ್ನ ಅಮ್ಮ ಬೀಡಿ ಕಟ್ಟಿ ನನ್ನನ್ನು ಓದಿಸಿದವರು. ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಎಲೆ ಕತ್ತರಿಸಿ ದಿನಕ್ಕೆ ಸಾವಿರ ಬೀಡಿ ಸುತ್ತುತ್ತಿದ್ದ ಆ ಬೆರಳುಗಳು ಪೆನ್ನು ಹಿಡಿಯಲು ನಾಚುತ್ತಿದ್ದವು. ಅಧ್ಯಾಪಕಿಯಾದ ನಾನು ಎಷ್ಟು ಸಲ ಹೇಳಿದರೂ ಕಲಿಯಲಿಲ್ಲ. ಮಗಳ ಮುಂದೆ ತಪ್ಪಲು ಅವರಿಗೆ ಸಂಕೋಚ. 66ನೆಯ ವಯಸ್ಸಿನಲ್ಲಿ, ಮೂರನೆಯ ತರಗತಿಯಲ್ಲಿದ್ದ ಮೊಮ್ಮಗಳು ಆಟಕ್ಕೆಂದು ಟೀಚರಾಗಿ, ಅಜ್ಜಿಯನ್ನು ಶಿಷ್ಯೆಯಾಗಿ ಮಾಡಿಕೊಂಡು ಸ್ಲೇಟಿನಲ್ಲಿ ಬರೆಸತೊಡಗಿದಳು. ಆಟದಲ್ಲಿ ತಪ್ಪಿದರೆ ಯಾರಿಗೇನು? ಮಳೆಗಾಲ ಮುಗಿಯುವಾಗ ತಮ್ಮ ಹೆಸರಿನ ನಾಲ್ಕು ಅಕ್ಷರ ಅವರಿಗೆ ಒಲಿದಿತ್ತು. ಮುಂದಿನ ಸಲ ಬ್ಯಾಂಕಿಗೆ ಹೋದಾಗ ಗುಮಾಸ್ತರು ವಾಡಿಕೆಯಂತೆ ಶಾಯಿಯ ಪ್ಯಾಡನ್ನು ಮುಂದೆ ಸರಿಸಿದರು. ಅಮ್ಮ ಅದನ್ನು ಹಿಂದಕ್ಕೆ ತಳ್ಳಿ, “ಪೆನ್ನು ಕೊಡಿ” ಎಂದರು. ನಾಲ್ಕು ಅಕ್ಷರ ಬರೆಯಲು ಬಹಳ ಹೊತ್ತು ಹಿಡಿಯಿತು. ಹಿಂದೆ ಸಾಲಿನಲ್ಲಿ ಏಳೆಂಟು ಮಂದಿ ಇದ್ದರು. ಕಾದರು.