ವಿಕಿರಣ ಚಿಕಿತ್ಸೆ ಮತ್ತು ಕರುಳಿನ ತಡವಾದ ಗಾಯ

ಪದವಿಪೂರ್ವ ತರಗತಿಯ ಉಷ್ಣದ ಲೆಕ್ಕವೊಂದನ್ನು ಮಾಡಿ ನೋಡೋಣ. ಗರ್ಭಕಂಠದ ಕ್ಯಾನ್ಸರಿಗೆ ಹೊರಗಿನಿಂದ ಕೊಡುವ ವಿಕಿರಣದ ಒಟ್ಟು ಪ್ರಮಾಣ ಸಾಮಾನ್ಯವಾಗಿ 45ರಿಂದ 50 ಗ್ರೇ. ಒಂದು ಕಿಲೋಗ್ರಾಂ ಅಂಗಾಂಶವು ಒಂದು ಜೂಲ್ ಶಕ್ತಿಯನ್ನು ಹೀರಿಕೊಂಡರೆ ಅದು ಒಂದು ಗ್ರೇ. ಒಂದು ಕಿಲೋಗ್ರಾಂ ನೀರಿನ ಉಷ್ಣತೆಯನ್ನು ಒಂದು ಡಿಗ್ರಿ ಏರಿಸಲು ಸುಮಾರು 4200 ಜೂಲ್ ಬೇಕು. ಹಾಗಾಗಿ 50 ಗ್ರೇ ಅನ್ನು ಒಮ್ಮೆಗೇ ಕೊಟ್ಟರೂ ಅಂಗಾಂಶ ಬಿಸಿಯಾಗುವುದು 0.012 ಡಿಗ್ರಿ ಸೆಲ್ಸಿಯಸ್ ಮಾತ್ರ. 'ಕರೆಂಟು ಇಟ್ಟು ಕರುಳು ಸುಟ್ಟರು' ಎಂಬ ಮಾತನ್ನು ನಮ್ಮಲ್ಲಿ ಕೇಳುತ್ತೇವೆ. ಅದು ಕರೆಂಟೂ ಅಲ್ಲ, ಸುಡುವುದೂ ಇಲ್ಲ. ಆದರೆ ಗಾಯ ಮಾತ್ರ ನಿಜ.

ಶಕ್ತಿ ಎಷ್ಟು ಎಂಬುದಕ್ಕಿಂತ ಅದು ಎಂತಹ ಪೊಟ್ಟಣಗಳಲ್ಲಿ ಬರುತ್ತದೆ ಎಂಬುದು ಮುಖ್ಯ. ಗೌರಿಬಿದನೂರಿನ ರೇಡಿಯೊ ದೂರದರ್ಶಕದಲ್ಲಿ 34.5 ಮೆಗಾಹರ್ಟ್ಸ್ ಅಲೆಗಳನ್ನು ಗ್ರಹಿಸಿ ಆಕಾಶದ ಅಧ್ಯಯನ ನಡೆಸಿದ್ದು ಅಧ್ಯಾಪಕರಿಗೆ ತಿಳಿದಿರಬಹುದು. ಆ ಅಲೆಯ ಒಂದು ಫೋಟಾನಿಗೂ ಕೋಬಾಲ್ಟ್-60 ಹೊಮ್ಮಿಸುವ ಗಾಮಾ ಫೋಟಾನಿಗೂ ಇರುವ ಶಕ್ತಿಯ ಅಂತರ ಸುಮಾರು 9 ಲಕ್ಷ ಕೋಟಿ ಪಟ್ಟು! ಗಾಮಾ ಫೋಟಾನು ಜೀವಕೋಶದಲ್ಲಿ ಎಲೆಕ್ಟ್ರಾನುಗಳನ್ನು ವೇಗವಾಗಿ ಚಿಮ್ಮಿಸುತ್ತದೆ. ಅವು ನೀರಿನ ಅಣುಗಳನ್ನು ಒಡೆದು ಡಿ.ಎನ್.ಎ.ಯ ಎಳೆಗಳನ್ನು ತುಂಡರಿಸುತ್ತವೆ. ಎರಡು ಎಳೆಗಳೂ ಒಂದೇ ಜಾಗದಲ್ಲಿ ತುಂಡಾದರೆ ಜೀವಕೋಶವು ವಿಭಜನೆಗೆ ತೊಡಗಿದಾಗ ಸಾಯುವ ಸಂಭವ ಹೆಚ್ಚು.

ಕರುಳಿನ ಒಳಪದರ ಕೆಲವೇ ದಿನಗಳಿಗೊಮ್ಮೆ ಹೊಸದಾಗುತ್ತದೆ. ಆದ್ದರಿಂದ ಅದಕ್ಕೆ ಪೆಟ್ಟು ಬೇಗ ತಾಗುತ್ತದೆ. ಚಿಕಿತ್ಸೆಯ ಎರಡು-ಮೂರನೆಯ ವಾರದಲ್ಲಿ ಭೇದಿ, ಹೊಟ್ಟೆನುಲಿತ ಕಾಣಿಸಿಕೊಂಡು, ಚಿಕಿತ್ಸೆ ಮುಗಿದ ಕೆಲವು ವಾರಗಳಲ್ಲಿ ಬಹುಪಾಲು ಜನರಲ್ಲಿ ತಗ್ಗುತ್ತವೆ. ತಡವಾದ ಗಾಯ ಬೇರೆ ಬಗೆಯದು. ಕರುಳಿನ ಗೋಡೆಯ ಸೂಕ್ಷ್ಮ ರಕ್ತನಾಳಗಳು ನಿಧಾನವಾಗಿ ಮುಚ್ಚಿಕೊಳ್ಳುತ್ತವೆ, ಗೋಡೆ ನಾರುಗಟ್ಟಿ ಬಿಗಿಯಾಗುತ್ತದೆ, ಒಳಮೈಯಲ್ಲಿ ಸುಲಭವಾಗಿ ಒಡೆಯುವ ಹಿಗ್ಗಿದ ನಾಳಗಳು ಮೂಡುತ್ತವೆ. ಇದು ಆರು ತಿಂಗಳ ಮೇಲೆ, ಮೂರು ವರ್ಷಕ್ಕೆ, ಕೆಲವೊಮ್ಮೆ ಹತ್ತು ವರ್ಷಗಳ ನಂತರವೂ ತಲೆದೋರಬಹುದು.

ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟಗಳಿಂದ ಅನೇಕರು ಈ ಚಿಕಿತ್ಸೆಗೆ ಬೆಂಗಳೂರಿಗೆ, ವಿಶೇಷವಾಗಿ 1973ರಲ್ಲಿ ಆರಂಭವಾದ ಕಿದ್ವಾಯಿ ಆಸ್ಪತ್ರೆಗೆ, ಹೋಗುತ್ತಾರೆ. ಐದು ವಾರ ಓಡಾಡುವ ಮನೆಯವರ ಪ್ರಶ್ನೆ ಸಹಜವಾದದ್ದು: ದಿನಕ್ಕೆ ಸ್ವಲ್ಪ ಹೆಚ್ಚು ಕೊಟ್ಟು ಎರಡು ವಾರದಲ್ಲಿ ಮುಗಿಸಬಾರದೇ? ಇದಕ್ಕೊಂದು ಲೆಕ್ಕವಿದೆ. ದಿನದ ಪ್ರಮಾಣವನ್ನು ಆಲ್ಫಾ-ಬೀಟಾ ಅನುಪಾತದಿಂದ ಭಾಗಿಸಿ, ಅದಕ್ಕೆ ಒಂದನ್ನು ಕೂಡಿಸಿ, ಒಟ್ಟು ಪ್ರಮಾಣದಿಂದ ಗುಣಿಸಿದರೆ ಜೈವಿಕ ಪರಿಣಾಮದ ಅಳತೆ ಸಿಗುತ್ತದೆ. ಈ ಅನುಪಾತವನ್ನು ಗೆಡ್ಡೆಗೆ ಸುಮಾರು 10 ಎಂದೂ ತಡವಾಗಿ ಗಾಯಗೊಳ್ಳುವ ಅಂಗಾಂಶಕ್ಕೆ ಸುಮಾರು 3 ಎಂದೂ ಹಿಡಿಯುತ್ತಾರೆ. ದಿನಕ್ಕೆ 2 ಗ್ರೇಯಂತೆ 25 ಸಲ ಕೊಟ್ಟರೆ ಗೆಡ್ಡೆಗೆ 60, ಕರುಳಿಗೆ 83. ದಿನಕ್ಕೆ 5 ಗ್ರೇಯಂತೆ 10 ಸಲ ಕೊಟ್ಟರೆ ಗೆಡ್ಡೆಗೆ 75, ಕರುಳಿಗೆ 133. ಗೆಡ್ಡೆಯ ಮೇಲಿನ ಪೆಟ್ಟು ನೂರಕ್ಕೆ 25ರಷ್ಟು ಹೆಚ್ಚಿದರೆ ಕರುಳಿನ ಮೇಲಿನದು 60ರಷ್ಟು ಹೆಚ್ಚುತ್ತದೆ. ಐದು ವಾರಗಳ ಓಡಾಟ ಕರುಳನ್ನು ಉಳಿಸಿಕೊಳ್ಳಲು ತೆರುವ ಬೆಲೆ. ಹಾಗೆಂದು ರೇಷ್ಮೆಹುಳು ಹಣ್ಣಾಗುವ ವಾರ ಬಂತೆಂದು ಮಧ್ಯೆ ಚಿಕಿತ್ಸೆ ತಪ್ಪಿಸುವಂತಿಲ್ಲ, ಆ ಬಿಡುವಿನಲ್ಲಿ ಗೆಡ್ಡೆಯೂ ಬೆಳೆಯುತ್ತದೆ. ಒಳವಿಕಿರಣವೂ ಸೇರಿ ಎಲ್ಲವೂ ಎಂಟು ವಾರಗಳೊಳಗೆ ಮುಗಿಯಬೇಕು ಎನ್ನುವುದು ವೈದ್ಯರ ನಿಯಮ.

ಒಳವಿಕಿರಣದಲ್ಲಿ ಇರಿಡಿಯಂ-192 ಅಥವಾ ಕೋಬಾಲ್ಟ್-60ರ ಪುಟ್ಟ ಆಕರವನ್ನು ಗರ್ಭಕಂಠದ ಬಳಿಗೇ ಒಯ್ಯುತ್ತಾರೆ. ಗುದನಾಳದ ಮುಂಗೋಡೆ ಅಲ್ಲಿಂದ ಕೆಲವೇ ಸೆಂಟಿಮೀಟರ್ ದೂರ. ಇಲ್ಲಿ ನಮ್ಮ ವಿಲೋಮ ವರ್ಗ ನಿಯಮ ಕೈಹಿಡಿಯುತ್ತದೆ. ಔಷಧದ ಬಟ್ಟೆಯನ್ನು ತುರುಕಿ ಗುದನಾಳವನ್ನು 2 ಸೆಂ.ಮೀ.ನಿಂದ 2.5 ಸೆಂ.ಮೀ.ಗೆ ಸರಿಸಿದರೆ ಸಾಕು, ಬಿಂದು ಆಕರವೆಂದು ಭಾವಿಸಿದಾಗ ಪ್ರಮಾಣ 64 ಪ್ರತಿಶತಕ್ಕೆ ಇಳಿಯುತ್ತದೆ. ಅರ್ಧ ಸೆಂಟಿಮೀಟರಿನ ಬೆಲೆ ಇಷ್ಟು! ಹೊರವಿಕಿರಣದ ವೇಳೆ ಮೂತ್ರ ತಡೆದುಕೊಂಡು ಬರಲು ಹೇಳುವುದೂ ಇಂತಹದೇ ಉಪಾಯ. ತುಂಬಿದ ಮೂತ್ರಕೋಶ ಸಣ್ಣ ಕರುಳನ್ನು ಮೇಲಕ್ಕೆ ತಳ್ಳಿ ಕಿರಣದ ದಾರಿಯಿಂದ ತಪ್ಪಿಸುತ್ತದೆ. ಕಾರಣ ವಿವರಿಸದಿದ್ದರೆ ಇದು ರೋಗಿಗೆ ಬರಿಯ ಹಿಂಸೆಯಾಗಿ ಕಾಣುತ್ತದೆ.

ಇಷ್ಟಾದರೂ ಕೆಲವರಿಗೆ ತಡವಾದ ಗಾಯ ತಪ್ಪುವುದಿಲ್ಲ. ಮಲದಲ್ಲಿ ರಕ್ತ, ತಡೆಯಲಾಗದ ಅವಸರ, ಲೋಳೆ, ಬಿಡದ ಭೇದಿ ಇದರ ಲಕ್ಷಣಗಳು. ಸಣ್ಣ ಕರುಳಿನ ಕೊನೆಯ ಭಾಗ ಕೆಟ್ಟರೆ ಪಿತ್ತಲವಣ, ಬಿ-12 ಜೀವಸತ್ವಗಳ ಹೀರಿಕೆ ಕುಂದುತ್ತದೆ. ಚಿಕಿತ್ಸೆಯಾಗಿ ವರ್ಷಗಳು ಕಳೆದಿರುವುದರಿಂದ ರಕ್ತಸ್ರಾವವನ್ನು ಮೂಲವ್ಯಾಧಿ ಎಂದು ತಿಳಿದು ನಾಟಿ ಔಷಧಿಯಲ್ಲೇ ದಿನ ದೂಡುವ ಅಪಾಯವಿದೆ, ಅಷ್ಟರಲ್ಲಿ ರಕ್ತಹೀನತೆ ಬಲಿಯುತ್ತದೆ. ಹಳೆಯ ವಿಕಿರಣದ ಸಂಗತಿಯನ್ನು ವೈದ್ಯರಿಗೆ ಹೇಳಲೇಬೇಕಾದ ಇನ್ನೊಂದು ಕಾರಣ ಹೆಚ್ಚು ಗಂಭೀರವಾದದ್ದು. ರಕ್ತ ಪೂರೈಕೆ ಕುಂದಿದ ಗುದನಾಳದ ಮುಂಗೋಡೆಯಿಂದ ಪರೀಕ್ಷೆಗೆಂದು ಚೂರು ಕತ್ತರಿಸಿದರೆ ಅದು ಮಾಯದೆ ಯೋನಿಗೆ ರಂಧ್ರ ಬೀಳಬಹುದು. ಹಾಗೆಂದು ವಿಕಿರಣದ್ದೇ ರಕ್ತವೆಂದು ಸುಮ್ಮನಿರುವಂತೆಯೂ ಇಲ್ಲ. ಕ್ಯಾನ್ಸರ್ ಮರುಕಳಿಸಿದೆಯೇ, ಕರುಳಿನಲ್ಲಿ ಬೇರೆ ಗೆಡ್ಡೆ ಇದೆಯೇ ಎಂದು ದರ್ಶಕ ನಳಿಗೆಯಿಂದ ನೋಡಬೇಕಾಗುತ್ತದೆ.

ಸೌಮ್ಯ ರಕ್ತಸ್ರಾವ ಎಷ್ಟೋ ಬಾರಿ ತಾನಾಗಿ ನಿಲ್ಲುತ್ತದೆ. ನಿಲ್ಲದಿದ್ದರೆ ಸುಕ್ರಾಲ್ಫೇಟ್ ಎನಿಮಾ ಕೊಡುತ್ತಾರೆ. ಇಲ್ಲವೇ ಆರ್ಗಾನ್ ಪ್ಲಾಸ್ಮಾದಿಂದ ಹಿಗ್ಗಿದ ನಾಳಗಳನ್ನು ಮುಚ್ಚುತ್ತಾರೆ. ಇಲ್ಲಿ ಮಾತ್ರ ನಿಜಕ್ಕೂ ಕರೆಂಟು ಇದೆ: ಅಯಾನೀಕೃತ ಆರ್ಗಾನ್ ಅನಿಲದ ಮೂಲಕ ಅಧಿಕ ಆವೃತ್ತಿಯ ವಿದ್ಯುತ್ತು ಹರಿದು, ಒಂದೆರಡು ಮಿಲಿಮೀಟರ್ ಆಳದಷ್ಟೇ ಸುಡುತ್ತದೆ.