ಗಿಡ್ಡ ಭತ್ತಕ್ಕೆ ಜಿಬ್ಬರೆಲಿನ್ ಬಾಟ್ಲಿ: ಹೊಡೆಯೋ ಮುಂಚೆ ಇದನ್ನೊಮ್ಮೆ ಓದಿ

ಈ ಮುಂಗಾರಿನಲ್ಲಿ ನನ್ನ ವಾಟ್ಸಾಪ್‌ಗೆ ಹೆಚ್ಚು ಬಂದಿದ್ದು ರೋಗ ಬಂದ ಎಲೆಯ ಫೋಟೋ ಅಲ್ಲ, ಬಾಟ್ಲಿಯ ಫೋಟೋ. "ಅಣ್ಣಾ, ಜಯ ನಾಟಿ ಮಾಡಿ ತಿಂಗಳಾಯ್ತು, ಪಕ್ಕದ ರಾಜಮುಡಿ ಗದ್ದೆ ಮುಂದೆ ನಮ್ದು ಕುಳ್ಳಾಗಿ ಕಾಣ್ತದೆ. ಈ ಟಾನಿಕ್ ಹೊಡೆದ್ರೆ ವಾರದಲ್ಲಿ ಎತ್ತರ ಆಗುತ್ತೆ ಅಂತಾರೆ ಅಂಗಡಿಯೋರು. ಹೊಡೀಲಾ?" ಲೇಬಲ್ ದೊಡ್ಡದು ಮಾಡಿ ನೋಡಿದರೆ ಜಿಬ್ಬರೆಲಿಕ್ ಆಮ್ಲ.

ಅಂಗಡಿಯವರು ಸುಳ್ಳು ಹೇಳಿಲ್ಲ. ಹೊಡೆದರೆ ಎತ್ತರ ಆಗುತ್ತೆ. ತೊಂದರೆ ಇರೋದೇ ಅಲ್ಲಿ.

ಈ ಹಾರ್ಮೋನ್ ಮನುಷ್ಯರ ಕಣ್ಣಿಗೆ ಬಿದ್ದಿದ್ದೇ ಭತ್ತದ ಒಂದು ರೋಗದಿಂದ. ಸಸಿಮಡಿಯಲ್ಲಿ ಕೆಲವು ಸಸಿ ಮಾತ್ರ ಬಿಳಿಚಿಕೊಂಡು, ತೆಳ್ಳಗೆ, ಉದ್ದುದ್ದ ಬೆಳೆದು ಆಮೇಲೆ ಸಾಯುತ್ತಿದ್ದವು. ಜಪಾನಿನವರು ಅದಕ್ಕೆ 'ಬಕಾನೆ' ಅಂದರು, ಅಂದರೆ ಪೆದ್ದು ಸಸಿ. 1926ರಲ್ಲಿ ತೈವಾನ್‌ನಲ್ಲಿ ಕೆಲಸ ಮಾಡುತ್ತಿದ್ದ ಎಯಿಚಿ ಕುರೊಸಾವಾ, ಆ ರೋಗದ ಶಿಲೀಂಧ್ರ ಬೆಳೆದ ನೀರನ್ನು ಸೋಸಿ ಆರೋಗ್ಯವಂತ ಸಸಿಗೆ ಕೊಟ್ಟು ನೋಡಿದರು. ಶಿಲೀಂಧ್ರ ಇಲ್ಲದಿದ್ದರೂ ಸಸಿ ಅದೇ ರೀತಿ ಎಳೆದುಕೊಂಡು ಬೆಳೆಯಿತು. ಆ ವಸ್ತುವಿಗೆ 1935ರಲ್ಲಿ ತೈಜಿರೊ ಯಬುತಾ ಜಿಬ್ಬರೆಲಿನ್ ಅಂತ ಹೆಸರಿಟ್ಟರು. ಗಿಡಗಳು ತಾವೇ ಅದನ್ನು ತಯಾರಿಸಿಕೊಳ್ಳುತ್ತವೆ ಅನ್ನೋದು ಗೊತ್ತಾಗಿದ್ದು ಆಮೇಲೆ. ರೋಗದ ಶಿಲೀಂಧ್ರ ಅದನ್ನು ಅಳತೆ ಮೀರಿ ಸುರಿಯುತ್ತೆ, ಅಷ್ಟೇ ವ್ಯತ್ಯಾಸ.

ಸರಿ, ಒಳಗೆ ಏನು ನಡೆಯುತ್ತೆ? ನಾಲೆ ಬಯಲಿನವರಿಗೆ ಇದು ಸುಲಭವಾಗಿ ಅರ್ಥ ಆಗುತ್ತೆ. ತೂಬಿಗೆ ಹಲಗೆ ಹಾಕಿದ್ದಾರೆ ಅಂದುಕೊಳ್ಳಿ. ಹಿಂದೆ ನೀರು ತುಂಬಿ ನಿಂತಿದೆ, ಗದ್ದೆಗೆ ಹರೀತಿಲ್ಲ. ಬೆಳವಣಿಗೆಯ ಜೀನ್‌ಗಳು ಆ ನೀರಿದ್ದ ಹಾಗೆ. ಹಲಗೆ ಅಂದರೆ ಡೆಲ್ಲಾ ಎಂಬ ಪ್ರೋಟೀನ್. ಭತ್ತದಲ್ಲಿ ಅದರ ಹೆಸರು ಎಸ್‌ಎಲ್‌ಆರ್1. ಅದು ಇರೋವರೆಗೂ ಆ ಜೀನ್‌ಗಳು ಸುಮ್ಮನಿರುತ್ತವೆ. ಇನ್ನು ನೀರುಗಂಟಿ ಅಂದರೆ ಜಿಐಡಿ1 ಎಂಬ ಗ್ರಾಹಕ ಪ್ರೋಟೀನ್. ಇದನ್ನು 2005ರಲ್ಲಿ ಜಪಾನಿನ ವಿಜ್ಞಾನಿಗಳು ಭತ್ತದಲ್ಲೇ ಮೊದಲು ಪತ್ತೆ ಮಾಡಿದರು. ಜಿಬ್ಬರೆಲಿನ್ ನೀರೂ ಅಲ್ಲ, ಗೊಬ್ಬರವೂ ಅಲ್ಲ, ನೀರುಗಂಟಿಗೆ ಬರುವ ಹೇಳಿಕೆ ಮಾತ್ರ. ಹೇಳಿಕೆ ಸಿಕ್ಕ ಕೂಡಲೇ ನೀರುಗಂಟಿ ಹಲಗೆಯನ್ನು ಹಿಡಿಯುತ್ತಾನೆ, ಜೀವಕೋಶ ಅದನ್ನು ಎತ್ತಿಡೋದಿಲ್ಲ, ಒಡೆದೇ ಹಾಕುತ್ತೆ. ಆಗ ಜೀನ್‌ಗಳು ಕೆಲಸ ಶುರು ಮಾಡುತ್ತವೆ, ಕಾಂಡದ ಕೋಶಗಳು ಉದ್ದ ಆಗುತ್ತವೆ.

ಇದೇ ತೂಬು ಕಾಳಿನೊಳಗೂ ಇದೆ. ನೆನೆಸಿದ ಭತ್ತದಲ್ಲಿ ಭ್ರೂಣ ಜಿಬ್ಬರೆಲಿನ್ ಬಿಡುತ್ತೆ. ಅದು ಕಾಳಿನ ಸುತ್ತಲಿನ ತೆಳು ಪದರಕ್ಕೆ ಹೋಗಿ ಅಮೈಲೇಸ್ ಕಿಣ್ವದ ಜೀನ್ ಎಚ್ಚರಿಸುತ್ತೆ. ಆ ಕಿಣ್ವ ಪಿಷ್ಟವನ್ನು ಸಕ್ಕರೆ ಮಾಡಿ ಮೊಳಕೆಗೆ ಉಣಿಸುತ್ತೆ. ಬಾರ್ಲಿಯಲ್ಲಿ ಭ್ರೂಣ ಕತ್ತರಿಸಿ ತೆಗೆದ ಅರ್ಧ ಕಾಳಿಗೆ ಜಿಬ್ಬರೆಲಿನ್ ಹಾಕಿದರೂ ಈ ಕೆಲಸ ನಡೆಯುತ್ತೆ ಅಂತ 1960ರಲ್ಲೇ ತೋರಿಸಿದ್ದಾರೆ. ಮೊಳಕೆ ಬಂದ ಕಾಳಿನ ಈ ಕಿಣ್ವ ನಮ್ಮ ಅಡುಗೆಮನೆಗೆ ಹೊಸದೇನಲ್ಲ. ಮಗುವಿಗೆ ಮೊಳಕೆ ರಾಗಿ ಹಿಟ್ಟಿನ ಸರಿ ಮಾಡಿದಾಗ, ಮಾಮೂಲಿ ಹಿಟ್ಟಿನಷ್ಟೇ ಹಾಕಿದರೂ ತೆಳ್ಳಗಾಗುತ್ತಲ್ಲ, ಅದು ಅಮೈಲೇಸ್ ಕೆಲಸ. ನಮ್ಮಜ್ಜಿಗೆ ಜೀನ್ ಗೊತ್ತಿರಲಿಲ್ಲ, ಸರಿ ತೆಳ್ಳಗಾಗೋದು ಚೆನ್ನಾಗಿ ಗೊತ್ತಿತ್ತು.

ಈಗ ಜಯದ ವಿಷಯಕ್ಕೆ ಬರೋಣ. ಅದು ಕುಳ್ಳಾಗಿರೋದು ಪೋಷಣೆ ಸಾಲದೆ ಅಲ್ಲ, ಹುಟ್ಟುಗುಣ. 1966ರ ಐಆರ್8, 1968ರ ಜಯ, ಆಮೇಲಿನ ಐಆರ್64, ಇವೆಲ್ಲದರಲ್ಲೂ ತೈವಾನಿನ ಡೀ-ಜಿಯೋ-ವೂ-ಜೆನ್ ಎಂಬ ಗಿಡ್ಡ ತಳಿಯಿಂದ ಬಂದ ಎಸ್‌ಡಿ1 ಎಂಬ ಜೀನ್ ಇದೆ. ಅದೇನು ಅಂತ ಬಿಡಿಸಿದ್ದು 2002ರಲ್ಲಿ. ಜಿಬ್ಬರೆಲಿನ್ ತಯಾರಿಸುವ ಒಂದು ಕಿಣ್ವದ ಜೀನ್ ಅದು, ಅದರಿಂದ 383 ಅಕ್ಷರಗಳಷ್ಟು ತುಂಡು ಬಿದ್ದುಹೋಗಿದೆ. ಹಾಗಾಗಿ ಕಾಂಡದಲ್ಲಿ ಜಿಬ್ಬರೆಲಿನ್ ಕಡಿಮೆ. ನೀರುಗಂಟಿ ಇದ್ದಾನೆ, ಹೇಳಿಕೆ ಮಾತ್ರ ಸಾಕಷ್ಟು ಬರೋದಿಲ್ಲ. ಹಲಗೆ ಅಲ್ಲೇ ಇರುತ್ತೆ, ಪೈರು ಗಿಡ್ಡ ಇರುತ್ತೆ, ತೆನೆ ಭಾರಕ್ಕೆ ಮಲಗೋದಿಲ್ಲ. ಹಸಿರು ಕ್ರಾಂತಿ ಆಗಿದ್ದು ಈ ಗುಣದಿಂದ.

ನೀವು ಬಾಟ್ಲಿಯಿಂದ ಹೊಡೆಯೋದು ಆ ಬಾರದ ಹೇಳಿಕೆಯನ್ನೇ. ನೀರುಗಂಟಿ ಎದ್ದು ಹಲಗೆ ಒಡೀತಾನೆ, ಪೈರು ಎದ್ದು ನಿಲ್ಲುತ್ತೆ. ತಳಿ ವಿಜ್ಞಾನಿಗಳು ಕಷ್ಟಪಟ್ಟು ತಂದ ಗುಣವನ್ನು ನೀವು ದುಡ್ಡು ಕೊಟ್ಟು ಅಳಿಸಿದ ಹಾಗಾಯ್ತು. ಉದ್ದ ಆದ ಪೈರು ಕಾಳು ಕಟ್ಟುವ ಹೊತ್ತಿಗೆ ಗಾಳಿಮಳೆ ಬಂದರೆ ಏನಾಗುತ್ತೆ ಅಂತ ಬೇರೆ ಹೇಳಬೇಕಿಲ್ಲ.

ಗೋಧಿಯ ಕತೆ ಬೇರೆ. ಅದರ ಗಿಡ್ಡ ತಳಿಗಳಿಗೆ ಜಪಾನಿನ ನೊರಿನ್ 10ರಿಂದ ಬಂದ ಜೀನ್‌ನಲ್ಲಿ ಹಲಗೆಯೇ ಬದಲಾಗಿದೆ, ಮೊಳೆ ಹೊಡೆದು ಕೂರಿಸಿದ ಹಾಗೆ. ಎಷ್ಟು ಜಿಬ್ಬರೆಲಿನ್ ಹೊಡೆದರೂ ಅಷ್ಟಾಗಿ ಜಗ್ಗಲ್ಲ. ನೋಡೋಕೆ ಎರಡೂ ಗಿಡ್ಡವೇ, ಒಳಗಿನ ಕಾರಣ ಬೇರೆ.

ಹಾಗಂತ ಈ ಬಾಟ್ಲಿ ಕೆಟ್ಟದ್ದು ಅಂತಲ್ಲ. ಹೈಬ್ರಿಡ್ ಭತ್ತದ ಬೀಜೋತ್ಪಾದನೆಗೆ ಅದು ಬೇಕೇ ಬೇಕು. ಮಂಡ್ಯದ ವಿ.ಸಿ. ಫಾರ್ಮ್‌ನ ಕೆಆರ್‌ಎಚ್-2 ಥರದ ಹೈಬ್ರಿಡ್‌ಗಳ ಹೆಣ್ಣು ಸಾಲಿನಲ್ಲಿ ತೆನೆ ಪೂರ್ತಿ ಹೊರಗೆ ಬರೋದಿಲ್ಲ, ಕೊನೆ ಎಲೆಯ ಒರೆಯೊಳಗೇ ಅರ್ಧ ಸಿಕ್ಕಿಕೊಳ್ಳುತ್ತೆ. ತೆನೆ ಇಣುಕೋ ಹೊತ್ತಿಗೆ ಜಿಬ್ಬರೆಲಿಕ್ ಆಮ್ಲ ಸಿಂಪಡಿಸಿದರೆ ತೆನೆಯ ದಂಟು ಉದ್ದ ಆಗಿ ಹೊರಗೆ ಬರುತ್ತೆ, ಪರಾಗ ಬೀಳೋದಕ್ಕೆ ಜಾಗ ಆಗುತ್ತೆ. ಅಲ್ಲಿ ಉದ್ದ ಆಗೋದೇ ಲಾಭ. ಊಟಕ್ಕೆ ಬೆಳೆಯೋ ಗದ್ದೆಯಲ್ಲಿ ಆ ಅಗತ್ಯ ಇಲ್ಲ.

ನನಗೆ ಇದಕ್ಕಿಂತ ಮುಖ್ಯ ಅನ್ನಿಸಿದ್ದು 2018ರಲ್ಲಿ ಚೀನಾದ ವಿಜ್ಞಾನಿಗಳ ತಂಡ 'ನೇಚರ್' ಪತ್ರಿಕೆಯಲ್ಲಿ ಪ್ರಕಟಿಸಿದ ಸಂಶೋಧನೆ. ಡೆಲ್ಲಾ ಹಲಗೆ ಬರೀ ಎತ್ತರವನ್ನಲ್ಲ, ಸಾರಜನಕ ಹೀರುವ ಜೀನ್‌ಗಳನ್ನೂ ತಡೆಯುತ್ತೆ. ಆ ಜೀನ್‌ಗಳನ್ನು ಎಬ್ಬಿಸುವ ಜಿಆರ್‌ಎಫ್4 ಎಂಬ ಪ್ರೋಟೀನನ್ನು ಅದು ಅದುಮಿ ಹಿಡಿಯುತ್ತೆ. ಗಿಡ್ಡ ತಳಿಗಳಿಗೆ ಯೂರಿಯಾ ಸುರಿಯಬೇಕಾಗಿ ಬಂದದ್ದಕ್ಕೆ ಇದೂ ಒಂದು ಕಾರಣ. ಕೊಟ್ಟಿಗೆ ಗೊಬ್ಬರ, ಹಸಿರೆಲೆ ಗೊಬ್ಬರ ನಂಬಿಕೊಂಡಿರೋ ನನ್ನಂಥವರ ಗದ್ದೆಯಲ್ಲಿ ಸಾರಜನಕ ನಿಧಾನಕ್ಕೆ ಸಿಗುತ್ತೆ. ಅಲ್ಲಿ ರಾಜಮುಡಿ, ರತ್ನಚೂಡಿಯಂಥ ಎತ್ತರದ ನಾಟಿ ತಳಿಗಳು ಅಷ್ಟರಲ್ಲೇ ತೂಗಿಸಿಕೊಳ್ಳೋದನ್ನು ನಾನು ನೋಡುತ್ತಾ ಬಂದಿದ್ದೀನಿ. ಅವಕ್ಕೇ ಯೂರಿಯಾ ಹೆಚ್ಚು ಕೊಟ್ಟರೆ ಮಲಗುತ್ತವೆ. ಅಂದರೆ ಎಷ್ಟು ಗೊಬ್ಬರ ಹಾಕ್ತೀರ ಅನ್ನೋದು ಬಿತ್ತನೆಗೆ ಮೊದಲೇ, ತಳಿ ಆರಿಸುವಾಗಲೇ ತೀರ್ಮಾನ ಆಗಬೇಕು. ತಿಂಗಳಾದ ಮೇಲೆ ಬಾಟ್ಲಿಯಿಂದ ಸರಿ ಮಾಡೋಕಾಗಲ್ಲ.

ಪೈರು ನಿಜವಾಗಿ ಸೊರಗಿದೆ ಅನ್ನಿಸಿದರೆ ಎತ್ತರ ಅಳೀಬೇಡಿ. ತೆಂಡೆ ಎಣಿಸಿ, ಎಲೆ ಬಣ್ಣ ನೋಡಿ, ಒಂದು ಬುಡ ಕಿತ್ತು ಬೇರು ನೋಡಿ. ಬೇರು ಕಪ್ಪಾಗಿದ್ದರೆ ಎರಡು ದಿನ ನೀರು ಬಸಿದು ಗದ್ದೆ ಆರಿಸಿ.

ಸಸಿಮಡಿಯಲ್ಲಿ ಅಲ್ಲೊಂದು ಇಲ್ಲೊಂದು ಸಸಿ ಬಿಳಿಚಿ ಉದ್ದ ಎದ್ದಿದ್ದರೆ ಖುಷಿ ಪಡಬೇಡಿ, ಅದು ಬಕಾನೆ ಇರಬಹುದು. ಕಿತ್ತು ಸುಟ್ಟುಬಿಡಿ, ನಾಟಿಗೆ ಒಯ್ಯಬೇಡಿ. ಮುಂದಿನ ಸಲ ಬೀಜವನ್ನು ಉಪ್ಪುನೀರಿನಲ್ಲಿ ಹಾಕಿ. ಕೋಳಿಮೊಟ್ಟೆ ತೇಲುವಷ್ಟು ಉಪ್ಪಿರಲಿ. ಮೇಲೆ ತೇಲಿದ ಹಗುರ ಕಾಳು ತೆಗೆದು, ಉಳಿದದ್ದನ್ನು ಒಳ್ಳೆ ನೀರಲ್ಲಿ ಎರಡು ಮೂರು ಸಲ ತೊಳೆದು ಟ್ರೈಕೋಡರ್ಮಾ ಹಚ್ಚಿ ಬಿತ್ತಿ.

ಸಾವಯವ ಪ್ರಮಾಣಪತ್ರ ಇರೋರು ಇನ್ನೊಂದು ಗಮನಿಸಿ. 'ಟಾನಿಕ್', 'ಬೂಸ್ಟರ್' ಅಂತ ಬರೋ ಬಾಟ್ಲಿಯ ಹಿಂದಿನ ಸಣ್ಣ ಅಕ್ಷರ ಓದಿ. ಜಿಬ್ಬರೆಲಿಕ್ ಆಮ್ಲ ಅಂತಿದ್ದರೆ, ಪ್ರಮಾಣೀಕರಣ ಸಂಸ್ಥೆಯವರನ್ನು ಕೇಳದೆ ಮುಚ್ಚಳ ತೆಗೀಬೇಡಿ. ಅಕ್ಷರ ಕಾಣದಿದ್ದರೆ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ.